ಬದಮಾಷ್ ವಹಿಯ ವಾರಸುದಾರ

ಗುಲಬರ್ಗಾ
ಪ್ರಮಾದೀಚ ನಾಮ ಸಂವತ್ಸರ, ಮಾಘ ಬಹುಳ ಪಂಚಮಿ
(ಸರಕಾರಿ ಲೆಕ್ಕದಲ್ಲಿ ಫರ್ವರ್ದಿ ತಿಂಗಳು, ೧೩೨೩ ಫಸಲಿ)

ಚಿರಂಜೀವಿ ಮಲ್ಕಪ್ಪನಿಗೆ ಕಮಲಾಪುರದ ಗುರುಲಿಂಗಪ್ಪ ಕಾಕಾ ಮಾಡುವ ಆಶೀರ್ವಾದ. ನಾನು ಕ್ಷೇಮ. ಸೊಲ್ಲಾಪುರದಲ್ಲಿ ನೀನು, ನಿನ್ನ ಹೆಂಡತಿ, ಹೊಸದಾಗಿ ಬಂದ ಕೂಸು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮ ರೂಢಿಗೆ ಬರೆದದ್ದು. ನಿಜ ಹೇಳಬೇಕೆಂದರೆ ಎಡಗಡೆಯ ದವಡೆ ಬಾತು ಕುಂಬಳಕಾಯಿಯಾಗಿದೆ, ಮುಂದಿನ ಎರಡು ಹಲ್ಲು ಇಲ್ಲಿನ ಕಚೇರಿಯ ಕಸದಲ್ಲಿ ಬಿದ್ದಿವೆ. ಅರವತ್ತು ದಾಟಿದ ಮೇಲೆ ಹೇಗೂ ಉದುರುವ ಹಲ್ಲು, ಒಳ್ಳೆಯ ಕೆಲಸಕ್ಕೆ ಉದುರಿದವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಶರಣಬಸವೇಶ್ವರರ ಗುಡಿಯ ಪೌಳಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಕಾಗದ ಕಾರ್ತೀಕದಲ್ಲೇ ಕೈ ಸೇರಿತ್ತು. ಉತ್ತರಕ್ಕೆ ಮೂರು ತಿಂಗಳು ತಡವಾಯಿತು, ಸಿಟ್ಟಾಗಬೇಡ. ಮಿಲ್ಲಿನ ಶಾಲೆಯಲ್ಲಿ ಅಕ್ಷರ ಕಲಿತೆ ಎಂದು ಬರೆದಿದ್ದೀಯ. ಅಂಗಳದಲ್ಲಿ ಚೆಲ್ಲಿದ ಜೋಳದ ಹಾಗಿವೆ ನಿನ್ನ ಅಕ್ಷರ, ಆದರೆ ಎಲ್ಲವೂ ಗಟ್ಟಿ ಕಾಳು. ನಿನ್ನ ಅವ್ವ ದುಂಡಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೊಮ್ಮಗ ಹುಟ್ಟಿದ್ದು ಕೇಳಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಮೊನ್ನೆ ಮೊನ್ನೆಯವರೆಗೂ ಅವಳು ಬಾಳೆ ತೋಟದ ಕೆಲಸಕ್ಕೆ ಹೋಗುತ್ತಿದ್ದಳು, ಕೆಂಪು ಬಾಳೆಯ ಗೊನೆ ಹೊತ್ತು ಗಂಡಸರ ಮುಂದೆ ನಡೆಯುತ್ತಿದ್ದಳು, ಹಿಂದೆ ಬಿದ್ದವರನ್ನು ಬೈಯುತ್ತಿದ್ದಳು. ಪ್ರತಿ ಸುಗ್ಗಿಗೆ ಒಂದು ಚೀಲ ಜೋಳ ನನ್ನ ಮನೆಯಿಂದ ಅವಳ ಮನೆಗೆ ಹೋಗುವುದು ನಿನಗೆ ಗೊತ್ತೇ ಇದೆ.

ಕಾಗದದ ಕಡೆಯ ಸಾಲನ್ನು ಮಾತ್ರ ಅವಳಿಗೆ ಓದಲಿಲ್ಲ. ಮಗನಿಗೆ ಅಪ್ಪನ ಹೆಸರು ಇಡಬೇಕು, ಧರ್ಮಣ್ಣ ಎಂದು ಕರೆಯಬೇಕು, ಆದರೆ ಕೈ ಬರುತ್ತಿಲ್ಲ ಎಂದು ನೀನು ಬರೆದಿದ್ದೆ. 'ಕಾಕಾ, ನಾ ಸತ್ತರ ನನ್ನ ಮಗನ ಹೆಸರೂ ಆ ವಹಿಯೊಳಗ ಬೀಳ್ತದೇನು' ಎಂದು ಕೇಳಿದ್ದೆ. ತೊಟ್ಟಿಲಿಗೆ ಹಾಕಿದ ಮೇಲೂ ಕೂಸನ್ನು ಕೂಸೇ ಎಂದೇ ಕರೆಯುತ್ತಿದ್ದೀರಂತೆ. ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಮರುದಿನವೇ ಗಾಡಿ ಕಟ್ಟಿ ಗುಲಬರ್ಗಾಕ್ಕೆ ಹೊರಟೆ.

ಬುಡದಿಂದ ಬರೆಯುತ್ತೇನೆ. ನಿನಗೆ ಅರ್ಧ ಗೊತ್ತಿದೆ, ಆದರೆ ನಿನ್ನ ಹೆಂಡತಿ ಹೊರಗಿನವಳು. ಗಂಡನ ಮೊಣಕಾಲು ಯಾಕೆ ಮಡಚುವುದಿಲ್ಲ ಎಂದು ಅವಳಿಗೂ ಗೊತ್ತಾಗಲಿ.

ನಿನ್ನ ಅಪ್ಪನೂ ನಾನೂ ಒಂದೇ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು ಕುಸ್ತಿ ಹಿಡಿದವರು. ಅವನು ಹೊಲದ ಆಳಿನ ಮಗ, ನಾನು ಪೊಲೀಸ್ ಪಾಟೀಲನ ಮಗ. ಅಖಾಡದಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಮುಂದೆ ನನಗೆ ಅಪ್ಪನ ಪಾಟೀಲಕಿ ಬಂತು, ಅವನಿಗೆ ಅಪ್ಪನ ಸಲಿಕೆ ಬಂತು. ಬಾಳೆ ತೋಟದ ನೀರಿನ ಪಾಳಿಗೆ ಪಕ್ಕದ ತೋಟದ ಕಲ್ಯಾಣಪ್ಪನಿಗೂ ಅವನಿಗೂ ಜಗಳ ಬಿದ್ದದ್ದು ನೀನು ಹತ್ತು ವರ್ಷದವನಿದ್ದಾಗ. ಕಲ್ಯಾಣಪ್ಪ ಒಡ್ಡು ಒಡೆದು ನೀರು ತಿರುಗಿಸಿದ, ಕೇಳಲು ಬಂದ ಧರ್ಮಣ್ಣನನ್ನು ಕೆಸರಿಗೆ ಕೆಡವಿ ಕುತ್ತಿಗೆಯ ಮೇಲೆ ಕಾಲಿಟ್ಟು ನಿಂತ. ಕೆಸರು ಕುಡಿಯುತ್ತಲೇ ಧರ್ಮಣ್ಣ ಕೈಗೆ ಸಿಕ್ಕ ಕೊಡಲಿ ಬೀಸಿದ. ಕಲ್ಯಾಣಪ್ಪನ ಎಡಗೈ ಮಣಿಕಟ್ಟಿನಿಂದ ಹಾರಿ ನೀರಿನ ಕಾಲುವೆಗೆ ಬಿತ್ತು. ನಾನು ಹೋಗಿ ನೋಡುವ ಹೊತ್ತಿಗೆ ಆ ಕೈ ನೀರಿನ ಜೊತೆ ನಾಲ್ಕು ಮಡಿ ದಾಟಿ ಒಂದು ಗಿಡದ ಬುಡಕ್ಕೆ ತಗುಲಿ ನಿಂತಿತ್ತು.

ನಾಲ್ಕು ವರ್ಷ ಗುಲಬರ್ಗಾದ ಜೇಲಿನಲ್ಲಿ ಗಾಲೀಚೆ ನೇಯ್ದು ಧರ್ಮಣ್ಣ ಊರಿಗೆ ಬಂದ. ಜೇಲು ಮುಗಿಯಿತು, ಆದರೆ ಹೆಸರು ಬದಮಾಷ್ ವಹಿಗೆ ಬಿತ್ತು. ಆ ವಹಿ ಚಾವಡಿಯಲ್ಲಿ ನನ್ನ ಬಳಿ ಇರುತ್ತದೆ, ಅದರ ನಕಲು ಇಲ್ಲಿನ ಪೊಲೀಸ್ ಕಚೇರಿಯಲ್ಲಿ. ಅದರಲ್ಲಿ ಹೆಸರಿದ್ದವನು ದಿನಾ ದೀಪ ಹಚ್ಚುವ ಹೊತ್ತಿಗೆ ಚಾವಡಿಗೆ ಬಂದು 'ಹಾಜರ್' ಅನ್ನಬೇಕು. ಕೇಳದೆ ಊರು ಬಿಡುವ ಹಾಗಿಲ್ಲ. ಹತ್ತು ಕೋಸಿನೊಳಗೆ ಒಂದು ಕೋಳಿ ಕಳುವಾದರೂ ಮೊದಲ ಏಟು ಅವನಿಗೆ. ಮೂರು ವರ್ಷ ಧರ್ಮಣ್ಣ ಹಾಗೆ ಏಟು ತಿಂದ. ನಿನಗೆ ಹದಿನೇಳು ತುಂಬಿದ ಬೇಸಿಗೆಯಲ್ಲಿ ಪೊಲೀಸ್ ಠಾಣೆಯ ಅಮೀನನ ಕುದುರೆಯ ಜೀನು ಕಾಣೆಯಾಯಿತು. ಅಮೀನನ ಜವಾನರು ಹೊಡೆದರು, ಜ್ವರ ಏರಿತು, ಹೋದ. ವಹಿಯಲ್ಲಿ ಜ್ವರದಿಂದ ಮೃತ ಎಂದೇ ಇದೆ.

ಆಮೇಲೆ ಆದದ್ದು ನಮ್ಮ ಸೀಮೆಯ ಹೊರಗೆ ಎಲ್ಲಿಯೂ ಆಗಲಾರದು. ನಮ್ಮಲ್ಲಿ ಪಾಟೀಲ ಸತ್ತರೆ ಮಗ ಪಾಟೀಲ, ಕುಲಕರ್ಣಿ ಸತ್ತರೆ ಮಗ ಕುಲಕರ್ಣಿ, ತಳವಾರ ಸತ್ತರೆ ಮಗ ತಳವಾರ. ಸತ್ತವನ ಹೆಸರಿಗೆ ಗೆರೆ ಎಳೆದು, ಕೆಳಗೆ ಮಗನ ಹೆಸರು ಹಾಕಿ, ಕಾರಣದ ಕಾಲಮ್ಮಿನಲ್ಲಿ ವಿರಾಸತ್, ಅಂದರೆ ವಂಶದಿಂದ ಬಂದದ್ದು ಎಂದು ಬರೆದರೆ ಆಯಿತು. ಕುಲಕರ್ಣಿ ತುಕಾರಾಮ ಪಂತ ಮೂವತ್ತು ವರ್ಷ ಬರೆದದ್ದು ಇದನ್ನೇ. ಕೈಗೆ ರೂಢಿ ಬಿದ್ದಿತ್ತು. ಧರ್ಮಣ್ಣನ ಹೆಸರಿಗೆ ಗೆರೆ ಎಳೆದ, ಕೆಳಗೆ 'ಮಲ್ಕಪ್ಪ ವಲದ ಧರ್ಮಣ್ಣ', ಅಂದರೆ ಧರ್ಮಣ್ಣನ ಮಗ ಮಲ್ಕಪ್ಪ ಎಂದು ಬರೆದ, ಕಾರಣ ವಿರಾಸತ್. ಒಂದು ಇರುವೆಯನ್ನೂ ತುಳಿಯದ ಹುಡುಗ ಬದಮಾಷನಾದ. ಪಂತ ಈಗ ಇಲ್ಲ, ಅವನ ಕೈಯನ್ನು ಬೈದು ಪ್ರಯೋಜನವಿಲ್ಲ.

ಹತ್ತು ವರ್ಷ ನೀನು ಹಾಜರ್ ಅಂದೆ. ಮಹಾಗಾಂವದ ಜೋಡಿ ಎತ್ತು ಕಳುವಾದಾಗ ನಿನ್ನನ್ನು ಚಾವಡಿಯ ಕಂಬಕ್ಕೆ ಕಟ್ಟಿ, ಮೂಗಿಗೆ ಮೆಣಸಿನಕಾಯಿ ಹೊಗೆ ಹಾಕಿ, ಎಡ ಮೊಣಕಾಲಿನ ಮೇಲೆ ಒನಕೆಯಿಂದ ಕುಟ್ಟಿದರು. ಚಿಪ್ಪು ಒಡೆದ ಸದ್ದು ನನಗೆ ಕೇಳಿಸಿತು. ನಾನು ಬೆನ್ನು ತಿರುಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಎತ್ತುಗಳು ಎಂಟನೆಯ ದಿನ ಹುಮನಾಬಾದಿನ ಸಂತೆಯಲ್ಲಿ ಸಿಕ್ಕವು. ಕಾಲು ಕೂಡಿದ ಮೇಲೆ ನೀನು ಹತ್ತಿಯ ಗಾಡಿಯ ಅಂಡಿಗೆಗಳ ನಡುವೆ ಅಡಗಿ ಊರು ಬಿಟ್ಟ ಬೆಳಿಗ್ಗೆ ನಾನು ಊರ ಅಗಸೆಬಾಗಿಲಲ್ಲೇ ನಿಂತಿದ್ದೆ. ಅಂಡಿಗೆಯ ಸಂದಿಯಲ್ಲಿ ನಿನ್ನ ಪಾದ ಕಂಡಿತು. ಮುಗಿಲು ನೋಡಿದೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸುದ್ದಿ. ಈ ಆರು ವರ್ಷವೂ ದಿನಾ ಸಂಜೆ ನಾನು ನಿನ್ನ ಹೆಸರಿನ ಮುಂದೆ ಹಾಜರ್ ಎಂದು ಬರೆದಿದ್ದೇನೆ. ಕಾಣೆ ಎಂದು ಬರೆದಿದ್ದರೆ ವಾರಂಟು ಸೊಲ್ಲಾಪುರದವರೆಗೆ ಬರುತ್ತಿತ್ತು. ಹೊಸ ಅಮೀನ ತಪಾಸಣೆಗೆ ಬಂದಾಗ ಹೊಲದಾಗ ಅದಾನ್ರಿ, ತೋಟದಾಗ ಅದಾನ್ರಿ ಎಂದು ದಾಟಿಸಿದೆ. ಮೊನ್ನೆ ಜಿಲ್ಲೆಯ ಪೊಲೀಸಿಗೆಲ್ಲ ಹಿರಿಯರಾದ ಮೋಹತಮೀಮ ಸಾಹೇಬರು ವಹಿ ತಿರುವಿ, ಆರು ವರ್ಷ ಒಂದು ದಿನವೂ ತಪ್ಪಿಲ್ಲ, ಇಂಥ ಬದಮಾಷ್ ನನ್ನ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ಮೆಚ್ಚಿ ತಲೆದೂಗಿದರು. ನನಗೆ ನಗು ತಡೆಯಲಾಗದೆ ಕೆಮ್ಮಬೇಕಾಯಿತು.

ಇಲ್ಲಿ ಕಚೇರಿಯಲ್ಲಿ ಹಳೆಯ ದಫ್ತರ ಕಾಯುವ ಇಮಾಮುದ್ದೀನ್ ಎಂಬ ಮುದುಕನಿದ್ದಾನೆ. ಒಳ್ಳೆಯ ಮನುಷ್ಯ, ನಾನು ಹೊಸದಾಗಿ ಪಾಟೀಲನಾದಾಗಿನ ಪರಿಚಯ. ನಿನ್ನ ಸಾಲು ತೆಗೆದು ಕಾರಣದ ಕಾಲಮ್ಮಿನ ಮೇಲೆ ಬೆರಳಿಟ್ಟು ಓದಿದ. ಮೊದಲು ನಕ್ಕ, ಆಮೇಲೆ ಕನ್ನಡಕ ತೆಗೆದ.

'ಪಾಟೀಲ ಸಾಬ್, ಪಾಟೀಲಕಿಗೆ ವಿರಾಸತ್ ಇರೋದು ನೋಡೀನಿ. ಬದಮಾಷಿಗೂ ವಿರಾಸತ್ ಅದ ಅಂತ ನಿಮ್ಮೂರಿನವರು ತೋರಿಸಿಕೊಟ್ರಿ' ಅಂದ.

ಅವನು ಹೇಳಿದ್ದು ಇಷ್ಟು. ಹತ್ತು ವರ್ಷಕ್ಕೊಮ್ಮೆ ವಹಿಗಳನ್ನು ಹೊಸದಾಗಿ ನಕಲು ಮಾಡುತ್ತಾರೆ. ಮಾಘದಲ್ಲಿ ನಮ್ಮ ಊರಿನ ಪಾಳಿ. ಹೊಸ ವಹಿಗೆ ಒಮ್ಮೆ ಏರಿದ ಹೆಸರು ಇನ್ನು ಹತ್ತು ವರ್ಷ ಅಲುಗದು, ಅಷ್ಟರಲ್ಲಿ ನಿನಗೇನಾದರೂ ಆದರೆ ಕೆಳಗೆ ಮಗನ ಹೆಸರು ಬರುತ್ತದೆ, ಯಾಕೆಂದರೆ ಹಿಂದೆ ಹಾಗೆ ಬಂದಿದೆಯಲ್ಲ. ಅದಕ್ಕೆ ಮುಂಚೆ ಹೆಸರು ಖಾರಿಜ್ ಆಗಿ ವಹಿಯಿಂದ ಹೋಗಬೇಕಾದರೆ ಮೂರು ಕಾಗದ ಬೇಕು. ಕೈ ಕಳೆದುಕೊಂಡ ಕಲ್ಯಾಣಪ್ಪನ ರಾಜೀನಾಮೆ, ಅಂದರೆ ತನ್ನದೇನೂ ತಕರಾರು ಇಲ್ಲ ಎಂಬ ಹೇಳಿಕೆ. ಊರ ಪಂಚರೈವರ ರುಜು. ಮಗನ ಹೆಸರು ವಹಿಗೆ ಹೇಗೆ ಬಂತು ಎಂದು ಪೊಲೀಸ್ ಪಾಟೀಲನ ಸ್ವಂತ ಹೇಳಿಕೆ.

ಕಲ್ಯಾಣಪ್ಪ ಇಪ್ಪತ್ತಮೂರು ವರ್ಷದಿಂದ ನಿಮ್ಮ ಮನೆಯ ಮುಂದೆ ಹಾಯದ ಮನುಷ್ಯ. ಎರಡು ಸಲ ಹೋದೆ, ಬಾಗಿಲು ಹಾಕಿಕೊಂಡ. ಮೂರನೆಯ ಸಲ ಬಾಗಿಲನ್ನು ಒದ್ದೆ. ಆಗ ಹೊರಗೆ ಬಂದು, ಮೊಂಡುಗೈಯನ್ನು ನನ್ನ ಎದೆಗೆ ಒತ್ತಿ ಗೋಡೆಯವರೆಗೆ ದಬ್ಬಿಕೊಂಡು ಹೋದ. ಎಪ್ಪತ್ತರ ಹತ್ತಿರ ಬಂದಿದ್ದರೂ ಅವನಲ್ಲಿ ಇನ್ನೂ ಎತ್ತಿನ ಕಸುವಿದೆ.

'ಕೈ ಹೋದದ್ದು ನಂದು. ಅಂವ ನಾಕು ವರ್ಷ ಜೇಲಿನಾಗ ಕೂತ, ಅಲ್ಲಿಗೆ ನಮ್ಮಿಬ್ಬರದು ಹರೀತು' ಅಂದ. 'ಆ ಹುಡುಗಂದು ನನ್ನ ಹಂತ್ಯಾಕ ಏನೂ ಇಲ್ಲ. ಇದ್ರ ನಿಂದದ, ಗೌಡ.'

ಆಮೇಲೆ ನನ್ನನ್ನು ಒಂದು ಮಾತು ಕೇಳಿದ. ಅದಕ್ಕೆ ನಾನು ಒಪ್ಪಿದರೆ ಹೇಳಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತೇನೆ, ಇಲ್ಲವಾದರೆ ಇಲ್ಲ ಎಂದ. ಆ ಮಾತು ಏನೆಂದು ಕಡೆಗೆ ಬರೆಯುತ್ತೇನೆ. ಹದಿನೈದು ದಿನ ನಾನು ಒಪ್ಪಲಿಲ್ಲ. ದನದ ಮೇಲೆ, ಆಳಿನ ಮೇಲೆ, ಹೆಂಡತಿ ನೀಲಗಂಗಮ್ಮನ ಮೇಲೆ ಸಿಟ್ಟು ತೀರಿಸಿದೆ. ಉಣ್ಣುವ ತಾಟು ಅವಳ ಕಾಲಿಗೆ ಎಸೆದೆ. ಅವಳು ತಾಟು ಎತ್ತಿಟ್ಟು, ಏನದ ಹೇಳಿಬಿಡ್ರಿ, ಹೊಟ್ಟ್ಯಾಗ ಇಟ್ಟುಕೊಂಡು ಮನೀ ಮಂದೀನ ಯಾಕ ಬಡೀತೀರಿ ಅಂದಳು. ಹದಿನಾರನೆಯ ದಿನ ಒಪ್ಪಿದೆ. ಪಂಚರನ್ನು ಚಾವಡಿಗೆ ಕರೆಸಿದೆವು, ಆಗಬೇಕಾದದ್ದು ಆಯಿತು, ಐವರೂ ರುಜು ಹಾಕಿದರು. ನನ್ನ ಹೇಳಿಕೆಯನ್ನೂ ಕೊಟ್ಟೆ.

ಮೊನ್ನೆ ಕಲ್ಯಾಣಪ್ಪನನ್ನು ಗಾಡಿಯಲ್ಲಿ ಹಾಕಿಕೊಂಡು ಇಲ್ಲಿಗೆ ಬಂದೆ. ಏಳು ಹರದಾರಿ ದಾರಿ. ಕಚೇರಿಯಲ್ಲಿ ಹೊಸ ಮುನ್ಶಿಯೊಬ್ಬ ಹೈದರಾಬಾದಿನಿಂದ ಬಂದಿದ್ದಾನೆ, ಮೀಸೆ ಇನ್ನೂ ಪೂರ್ತಿ ಬಂದಿಲ್ಲ, ಕಾಯಿದೆ ಮಾತ್ರ ಪೂರ್ತಿ ಬಂದಿದೆ. ರಾಜೀನಾಮೆಗೆ ಗಂಡಸಿನದು ಎಡಗೈ ಹೆಬ್ಬೆಟ್ಟೇ ಬೇಕು, ಬಲಗೈಯದು ನಡೆಯುವುದಿಲ್ಲ ಎಂದ. ಕಲ್ಯಾಣಪ್ಪ ಧೋತರದ ಮಡಿಕೆಯಿಂದ ಮೊಂಡುಗೈ ತೆಗೆದು ಮೇಜಿನ ಮೇಲೆ ಇಟ್ಟ. ಮುನ್ಶಿ ಅದನ್ನು ರೂಲು ಕೋಲಿನಿಂದ ಸರಿಸಿ, ಹಾಗಾದರೆ ಆ ಕೈ ಎಲ್ಲಿ ಬಿದ್ದಿದೆಯೋ ಅಲ್ಲಿಂದ ತಂದು ಒತ್ತಿಸಿರಿ ಎಂದು ನಕ್ಕ.

'ಬಾಳೀ ಗಿಡದ ಬುಡಕ ಹೂತೀನಿ, ಸಾಹೇಬ್ರ' ಅಂದ ಕಲ್ಯಾಣಪ್ಪ ಮೆಲ್ಲಗೆ. 'ಆ ಗಿಡದ ಹಣ್ಣು ನಾ ಇವತ್ತಿಗೂ ತಿಂದಿಲ್ಲ.'

ಮುನ್ಶಿ ಮತ್ತೆ ನಕ್ಕ. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಬಂದರೆ ಹೇಳಿ ಕೇಳಿ ಬರುವುದಿಲ್ಲ. ಅವನ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಬಡಿದೆ. ದೌತಿ ಉರುಳಿ ಮಸಿಯೂ ಮೂಗಿನ ರಕ್ತವೂ ಕೂಡಿ ಕಾಗದಗಳ ಮೇಲೆ ಹರಿಯಿತು. ಎರಡನೆಯ ಸಲ ಬಡಿಯಲು ಎತ್ತಿದವನು ನಿಲ್ಲಿಸಿದೆ. ನಿಲ್ಲಿಸಿದ್ದನ್ನು ಯಾಕೆ ಬರೆದೆ ಎಂದು ಆಮೇಲೆ ಹೇಳುತ್ತೇನೆ. ಅಷ್ಟರಲ್ಲಿ ಜವಾನರು ಬಂದು ನನ್ನನ್ನು ನೆಲಕ್ಕೆ ಕೆಡವಿದರು. ನಾಲ್ವರು ಬೂಟುಗಾಲಲ್ಲಿ ಒದ್ದರು. ಬಂದೂಕಿನ ಹಿಡಿ ದವಡೆಗೆ ಬಿದ್ದಾಗ ಹಲ್ಲು ಹೋದವು. ನಲವತ್ತು ವರ್ಷ ಆ ಬದಿಗೆ ನಿಂತು ನೋಡಿದವನಿಗೆ ಕೆಳಗಿನಿಂದ ಅದು ಹೇಗೆ ಕಾಣುತ್ತದೆ ಎಂದು ಗೊತ್ತಾಯಿತು. ಮೊದಲು ಬೂಟಿನ ಮೊಳೆ ಕಾಣುತ್ತದೆ, ಆಮೇಲೆ ಏನೂ ಕಾಣುವುದಿಲ್ಲ.

ಬಿಡಿಸಿದವನು ಇಮಾಮುದ್ದೀನ್. ಕೈಯಿಲ್ಲದವನಿಗೆ ಎಡಗಾಲಿನ ಹೆಬ್ಬೆರಳು ನಡೆಯುತ್ತದೆ ಎಂಬ ಹಳೆಯ ಹುಕುಮನ್ನು ದೂಳು ಕೊಡವಿ ಎತ್ತಿಕೊಂಡು ಬಂದು ಮೋಹತಮೀಮ ಸಾಹೇಬರ ಮುಂದೆಯೇ ಇಟ್ಟ. ಸಾಹೇಬರು ನನ್ನ ಬಾಯಿಯ ರಕ್ತವನ್ನೂ ಮುನ್ಶಿಯ ಮೂಗನ್ನೂ ನೋಡಿ, ಒಂದಕ್ಕೊಂದು ಸರಿಹೋಯಿತು, ಇದನ್ನು ಯಾರೂ ಬರೆದುಕೊಳ್ಳಬೇಡಿ ಎಂದರು. ಕಲ್ಯಾಣಪ್ಪ ಮೇಜಿನ ಮೇಲೆ ಕಾಲಿಟ್ಟ. ಸರಕಾರಿ ಮೇಜಿನ ಮೇಲೆ ಕೆಂಪು ಮಣ್ಣಿನ ಕಾಲು. ಬೆರಳಿಗೆ ಮಸಿ ಹಚ್ಚಿ ಒತ್ತಿಸಿದರು. ಸಾಹೇಬರು ಮೂರು ಕಾಗದವನ್ನೂ ಓದಿದರು, ನನ್ನದನ್ನು ಎರಡು ಸಲ ಓದಿದರು. ಆಮೇಲೆ ಕೆಂಪು ಮಸಿಯಲ್ಲಿ ನಿನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಖಾರಿಜ್ ಎಂದು ಬರೆದರು.

ನನ್ನ ಕಣ್ಣಿನಿಂದ ನೋಡಿದ್ದೇನೆ ಮಲ್ಕಪ್ಪ. ಆ ಗೆರೆ 'ಮ'ದಿಂದ ಶುರುವಾಗಿ ನಿನ್ನ ಅಪ್ಪನ ಹೆಸರಿನ ತುದಿಯವರೆಗೆ ಹೋಗಿದೆ. ಹೊಸ ವಹಿಯಲ್ಲಿ ನಿನ್ನ ಹೆಸರಿಲ್ಲ. ಹುಕುಮಿನ ನಕಲು ಈ ಪತ್ರದ ಜೊತೆ ಇದೆ, ಮೊಹರು ನೋಡಿಕೋ, ದಾರಿಯಲ್ಲಿ ಯಾವ ಜವಾನ ಕೇಳಿದರೂ ತೋರಿಸು. ಇನ್ನು ಕೂಸಿಗೆ ಹೆಸರಿಡು, ಯಾರ ಅಪ್ಪಣೆಯೂ ಬೇಡ. ಶಿವರಾತ್ರಿಗೆ ಇನ್ನೂ ಒಂಬತ್ತು ದಿನ ಇದೆ. ರೈಲಿನಲ್ಲಿ ಗುಲಬರ್ಗಾಕ್ಕೆ ಬಂದು ಇಳಿದರೆ ನಮ್ಮೂರಿನ ಬಾಳೆ ಹಣ್ಣಿನ ಗಾಡಿಗಳು ಸ್ಟೇಶನ್ನಿನ ಹೊರಗೇ ಸಿಗುತ್ತವೆ. ಅಂಡಿಗೆಯಲ್ಲಿ ಅಡಗಬೇಡ, ಗಾಡಿಯ ಮುಂದೆ ಕುಳಿತು ಬಾ. ನಿನ್ನ ಹೆಂಡತಿ ಮುತ್ತೈದೆಯಾಗಿ ನೂರು ವರ್ಷ ಬಾಳಲಿ. ಕೂಸಿಗೆ ನಿನ್ನ ಅಪ್ಪನ ತೋಳು ಬರಲಿ, ಹಣೆಬರಹ ಬರದಿರಲಿ. ಶರಣಬಸವ ನಿಮ್ಮನ್ನು ಕಾಯಲಿ.

ಇಂತು,
ಗುರುಲಿಂಗಪ್ಪ

ತಾಜಾ ಕಲಂ: ಮಲ್ಕಪ್ಪ, ಮೇಲಿನದನ್ನು ಹೆಂಡತಿಗೆ ಓದಿ ಹೇಳು. ಇಲ್ಲಿಂದ ಮುಂದಿನದನ್ನು ಮೊದಲು ನೀನೊಬ್ಬನೇ ಓದು.

ಮೇಲೆ ಎರಡು ಕಡೆ ಸುಳ್ಳು ಬರೆದಿದ್ದೇನೆ. ಹರಿದು ಹೊಸದಾಗಿ ಬರೆಯೋಣವೆಂದುಕೊಂಡೆ. ಬೇಡ, ಹದಿನಾರು ವರ್ಷ ನಾನು ಎಷ್ಟು ಸಲೀಸಾಗಿ ಮಾತಾಡುತ್ತ ಬಂದೆ ಎಂದು ನಿನಗೆ ಕಾಣಲಿ ಎಂದು ಹಾಗೇ ಬಿಟ್ಟಿದ್ದೇನೆ.

ನಿನ್ನ ಅಪ್ಪ ಜ್ವರದಿಂದ ಸಾಯಲಿಲ್ಲ. ಜವಾನರು ಹೊಡೆದದ್ದರಿಂದಲೂ ಸಾಯಲಿಲ್ಲ. ಆ ಮಧ್ಯಾಹ್ನ ಜವಾನರು ಹೊಡೆದು ದಣಿದ ಮೇಲೆ ಅಮೀನ ನನ್ನ ಕಡೆ ತಿರುಗಿ, ಇವನು ನಿನ್ನ ಕುಸ್ತಿಯ ಗೆಳೆಯನಂತೆ, ಜೀನು ಇಬ್ಬರೂ ಕೂಡಿ ಮಾರಿದಿರೇನು ಎಂದ. ಅಲ್ಲ ಎಂದು ತೋರಿಸಲು ಕೋಲು ನನ್ನ ಕೈಗೆ ಕೊಟ್ಟ. ನನಗೆ ಕೈ ಏಳಲಿಲ್ಲ. ಆಗ ಕಂಬಕ್ಕೆ ಕಟ್ಟಿಸಿಕೊಂಡಿದ್ದ ನಿನ್ನ ಅಪ್ಪ ಬಾಯಿಯ ರಕ್ತ ಉಗುಳಿ ನಕ್ಕ.

'ಗುರಲಿಂಗ್ಯಾ, ಹೊಡಿ. ನಿನ್ನ ಪೆಟ್ಟು ನನಗ ಸಣ್ಣಂದಿನಿಂದ ಗೊತ್ತದ' ಅಂದ.

ನನ್ನನ್ನು ಅಮೀನನಿಂದ ಪಾರು ಮಾಡಲು ಹಾಗಂದನೆಂದು ಈಗ ತಿಳಿಯುತ್ತದೆ. ಅವತ್ತು ನನಗೆ ಕೇಳಿದ್ದು ಒಂದೇ. ಅಮೀನನ ಎದುರು, ಅವನ ಜವಾನರ ಎದುರು, ಒಬ್ಬ ಬದಮಾಷ್ ನನ್ನನ್ನು ಗುರಲಿಂಗ್ಯಾ ಎಂದು ಕರೆದ. ಗೌಡ್ರೆ ಅನ್ನಲಿಲ್ಲ. ಅಷ್ಟಕ್ಕೇ ಹೊಡೆದೆ. ಮೊದಲು ಸುಮ್ಮನೆ ಹೊಡೆದೆ, ಆಮೇಲೆ ನಿಜವಾಗಿ ಹೊಡೆದೆ. ಅಮೀನ 'ಬಸ್, ಸಾಕು' ಅಂದ. ಆ ಅಮೀನನಂಥವನೇ ಬಸ್ ಅಂದ. ಬಸ್ ಅಂದ ಮೇಲೆ ನಾನು ಮೂರು ಹೊಡೆದೆ. ಮೂರನೆಯದು ಕಿವಿಯ ಹಿಂದೆ ಬಿತ್ತು, ಅವನ ತಲೆ ಎದೆಯ ಮೇಲೆ ಜೋತಿತು. ಜೀನು ಸಂಜೆಗೆ ಸಿಕ್ಕಿತು. ಕುದುರೆಯ ಆಳು ಅದನ್ನು ಹೊಲಿಗೆ ಹಾಕಿಸಲು ಮೋಚಿಯ ಹತ್ತಿರ ಕೊಟ್ಟಿದ್ದನಂತೆ.

ನೀನು ಹೆಣ ಒಯ್ಯಲು ಬಂದೆ. ಹೆಬ್ಬೆಟ್ಟು ಒತ್ತಿದರೆ ಹೆಣ ಬಿಡುತ್ತೇವೆ ಎಂದು ನಾನು ಹೇಳಿದೆ. ನೀನು ಅಳುತ್ತ ಒತ್ತಿದೆ. ನೀನು ಒತ್ತಿದ್ದು ಹೆಣದ ಕಾಗದಕ್ಕಲ್ಲ, ಬದಮಾಷ್ ವಹಿಗೆ. ಅದರಲ್ಲಿ ಹೆಸರಿದ್ದವನ ಫಿರ್ಯಾದಿಯನ್ನು ಯಾವ ಕಚೇರಿಯೂ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಂದೆ ಎಂದಾದರೂ ನೀನು ಅಪ್ಪ ಹೇಗೆ ಸತ್ತ ಎಂದು ಕೇಳಿಬಿಡುತ್ತೀಯ ಎಂಬ ಭಯಕ್ಕೆ ನಿನ್ನನ್ನು ಅಲ್ಲಿ ಬರೆಸಿದೆ. ತುಕಾರಾಮ ಪಂತನದು ರೂಢಿಯ ತಪ್ಪಲ್ಲ. ಕಾರಣ ಏನು ಬರೀಲ್ರಿ ಎಂದು ಕೇಳಿದ. ಏನಾದರೂ ಬರೆ ಎಂದು ಗದರಿದೆ. ಪಾಪದವನು, ತನಗೆ ಗೊತ್ತಿದ್ದ ಒಂದೇ ಮಾತನ್ನು ಬರೆದ. ಸತ್ತವನು ತಿರುಗಿ ಮಾತಾಡುವುದಿಲ್ಲ ಎಂದು ಮೇಲೆ ಎಲ್ಲವನ್ನೂ ಅವನ ತಲೆಗೆ ಕಟ್ಟಿದೆ.

ಕಲ್ಯಾಣಪ್ಪ ಅವತ್ತು ಚಾವಡಿಯ ಬೇವಿನ ಕೆಳಗೆ ಕುಳಿತಿದ್ದ. ತನ್ನ ಕೈ ಕಡಿದವನು ಏಟು ತಿನ್ನುವುದನ್ನು ನೋಡಲು ಬಂದಿದ್ದ. ನನ್ನನ್ನು ಗೋಡೆಗೆ ಒತ್ತಿ ಕೇಳಿದ ಮಾತು ಇದೇ: 'ನಾ ಎಣಿಸೀನಿ ಗೌಡ. ಬಸ್ ಅಂದಮ್ಯಾಲ ಮೂರು. ಅವತ್ತು ನನಗ ಹಿಗ್ಗಾಗಿತ್ತು, ಬಾಯಿ ಮುಚ್ಚಿಕೊಂಡೆ. ಈಗ ನಿದ್ದಿ ಹತ್ತಾಂಗಿಲ್ಲ. ಆ ಮೂರು ದುಂಡಮ್ಮನ ಮುಂದ ನಿನ್ನ ಬಾಯಿಲೇ ಹೇಳು.'

ಹೇಳಿದೆ. ಪಂಚರು ಇದ್ದರು, ನನ್ನ ಮಗ ದೇವೀಂದ್ರಪ್ಪ ಇದ್ದ, ನಿನ್ನ ಅವ್ವ ಅದೇ ಕಂಬದ ಹತ್ತಿರ ನಿಂತಿದ್ದಳು. ಪೂರ್ತಿ ಕೇಳಿದಳು, ಅಳಲಿಲ್ಲ.

'ಹದಿನಾರು ವರ್ಷ ನಿನ್ನ ಮನೀ ಜ್ವಾಳದ ರೊಟ್ಟಿ ತಿಂದೀನಿ' ಅಂದಳು.

ಚಾವಡಿಯ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಗಂಟಲಿಗೆ ಎರಡು ಬೆರಳು ಹಾಕಿಕೊಂಡಳು. ಮೊದಲು ಬೆಳಗಿನ ರೊಟ್ಟಿ ಬಂತು, ಆಮೇಲೆ ಬರೀ ನೀರು, ಆಮೇಲೆ ನೀರಿನಲ್ಲಿ ರಕ್ತದ ಎಳೆ. ಆದರೂ ಬೆರಳು ತೆಗೆಯಲಿಲ್ಲ. ಹಿಡಿಯಲು ಹೋದ ನೀಲಗಂಗಮ್ಮನ ಕೈಯನ್ನು ಕಚ್ಚಿ ಹರಿದಳು. ನಿನ್ನ ಅವ್ವ ಈಗ ಕಲ್ಯಾಣಪ್ಪನ ಮನೆಯಲ್ಲಿದ್ದಾಳೆ. ಅವನ ಹೆಂಡತಿ ಗಂಜಿ ಕುಡಿಸುತ್ತಾಳೆ, ಕುಡಿಯುತ್ತಿದ್ದಾಳಂತೆ. ಬೇಗ ಬಾ.

ನನ್ನ ಹೇಳಿಕೆಯಲ್ಲಿ ಇದೆಲ್ಲವೂ ಇದೆ. ನಿನ್ನ ಆರು ವರ್ಷದ ಹಾಜರಿಯ ಸುಳ್ಳನ್ನು ಮಾತ್ರ ಬಿಚ್ಚಲಿಲ್ಲ, ಅದನ್ನು ಶಿವ ಕೇಳಿದರೆ ಅಲ್ಲಿ ಹೇಳುತ್ತೇನೆ. ಸಾಹೇಬರು ಪಾಟೀಲಕಿ ಕಿತ್ತುಕೊಂಡರು. ಆ ಅಮೀನ ಸತ್ತು ಮಣ್ಣಾಗಿದ್ದಾನೆ, ನನ್ನ ಮೇಲೆ ಖಟ್ಲೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಅಲ್ಲಿಯವರೆಗೆ ಹೊಸ ಬದಮಾಷ್ ವಹಿಯಲ್ಲಿ, ನಿನ್ನ ಹೆಸರು ಬರಬೇಕಿದ್ದ ಸಾಲಿನಲ್ಲಿ, ನನ್ನ ಹೆಸರಿದೆ. ದೇವೀಂದ್ರಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನ ಹೆಸರು ನನ್ನ ಕೆಳಗೆ ಬರಬಾರದೆಂದು ಇಮಾಮುದ್ದೀನನ ಕೈ ಹಿಡಿದು ಕಾರಣದ ಕಾಲಮ್ಮಿನಲ್ಲಿ ಖುದ್ದು ಎಂದು ಬರೆಸಿದೆ. ಇದು ನಾನೇ ಗಳಿಸಿದ್ದು, ನನ್ನೊಂದಿಗೇ ಮುಗಿಯಲಿ.

ನೀನು ಊರಿಗೆ ಬರುವ ಹೊತ್ತಿಗೆ ದೀಪ ಹಚ್ಚಿರುತ್ತಾರೆ, ಚಾವಡಿಯ ಮುಂದೆಯೇ ಹಾಯಬೇಕು. ನಾನು ಕಟ್ಟೆಯ ಕೆಳಗೆ ನಿಂತಿರುತ್ತೇನೆ, ಬೇರೆಲ್ಲಿಗೂ ಹೋಗುವ ಹಾಗಿಲ್ಲ. ಆ ಕೋಲು ಇನ್ನೂ ಅದೇ ಕಂಬಕ್ಕೆ ಒರಗಿದೆ. ನಿನಗೆ ಅದನ್ನು ಎತ್ತಬೇಕೆನಿಸೀತು. ಎತ್ತಬೇಡ, ಎತ್ತಿದರೆ ವಹಿ ಮತ್ತೆ ನಿನ್ನನ್ನು ಹಿಡಿಯುತ್ತದೆ. ನನಗೆ ನಮಸ್ಕಾರ ಮಾಡಬೇಡ, ಮಾತಾಡಿಸಬೇಡ. ಕೂಸನ್ನು ಎತ್ತಿಕೊಂಡು ನಡೆ. ಹಾಯುವಾಗ ಒಮ್ಮೆ, ನನಗೆ ಕೇಳುವ ಹಾಗೆ, ಅದನ್ನು ಹೆಸರು ಹಿಡಿದು ಕರೆ. ಧರ್ಮಣ್ಣ ಎಂದು ಕೇಳಿದ ಮೇಲೆ ನಾನು ಹಾಜರ್ ಅನ್ನುತ್ತೇನೆ.